ಲೆಕ್ಕದ ಎರಡು ಪ್ರತಿಗಳ ತಾಳೆ: ಚೆಕ್‌ಸಮ್ ಸಾಕೆ, ಹ್ಯಾಶ್ ಬೇಕೆ?

ಕಪಿಲೆಯ ದಂಡೆಯ ನಂಜನಗೂಡು ಮತ್ತು ಕಾವೇರಿ–ಕಪಿಲೆಯರ ಸಂಗಮದ ಟಿ. ನರಸೀಪುರ ಮೈಸೂರು ಜಿಲ್ಲೆಯ ಎರಡು ಮುಖ್ಯ ವ್ಯಾಪಾರ ಕೇಂದ್ರಗಳು. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವಿದೆ, ಟಿ. ನರಸೀಪುರದ ಸುತ್ತ ನಾಲೆ ನೀರಿನ ಭತ್ತದ ಬಯಲು, ಅಕ್ಕಿ ಗಿರಣಿಗಳು ಮತ್ತು ರೇಷ್ಮೆ ಇವೆ. ಈ ಭಾಗದ ಸರಕು ತಯಾರಾಗುವುದು ಒಂದು ಊರಿನಲ್ಲಾದರೆ ಮಾರಾಟವಾಗುವುದು ಇನ್ನೊಂದು ಊರಿನಲ್ಲಿ. ಮೈಸೂರು ರೇಷ್ಮೆಯೇ ಇದಕ್ಕೆ ನಿದರ್ಶನ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇರುವುದು ಟಿ. ನರಸೀಪುರದಲ್ಲಿ, ಆ ನೂಲನ್ನು ಸೀರೆಯಾಗಿ ನೇಯುವ ಕಾರ್ಖಾನೆ ಇರುವುದು ಮೈಸೂರಿನಲ್ಲಿ. ಹೀಗೆ ಸರಕು ಊರಿಂದೂರಿಗೆ ಸಾಗುವ ಉದ್ಯಮಗಳಲ್ಲಿ ಒಂದೇ ಸರಕನ್ನು ಎರಡು ಕಡೆ ಬರೆಯಬೇಕಾಗುತ್ತದೆ. ಎರಡು ಕಡೆ ಬರೆದ ಮೇಲೆ ಅವೆರಡೂ ತಾಳೆಯಾಗುತ್ತವೆಯೆ ಎಂದು ನೋಡುವುದು ಅನಿವಾರ್ಯ.

ಕಿರ್ದಿ ಮತ್ತು ಖಾತೆ ಪುಸ್ತಕಗಳ ಕಾಲದಲ್ಲಿ ಗುಮಾಸ್ತರು ಎದುರುಬದುರು ಕುಳಿತು, ಒಬ್ಬರು ಓದಿದ್ದನ್ನು ಇನ್ನೊಬ್ಬರು ಗುರುತು ಹಾಕುತ್ತ ಈ ಕೆಲಸ ಮುಗಿಸುತ್ತಿದ್ದರು. ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಬಂದ ಮೇಲೆ ಸಾಲುಗಳ ಸಂಖ್ಯೆ ಸಾವಿರದಿಂದ ಲಕ್ಷಕ್ಕೆ ಏರಿದೆ. ಒಂದೊಂದು ಸಾಲನ್ನೂ ಕಣ್ಣಿನಿಂದ ನೋಡುವುದು ಇಂದು ಅಸಾಧ್ಯ. ಈ ಕೆಲಸಕ್ಕೆಂದೇ ಗಣಕ ವಿಜ್ಞಾನವು ಎರಡು ಬಗೆಯ ಸಾಧನಗಳನ್ನು ಒದಗಿಸಿದೆ. ಒಂದು ಚೆಕ್‌ಸಮ್, ಅಂದರೆ ತಾಳೆ ನೋಡಲು ಲೆಕ್ಕ ಹಾಕಿದ ಸಣ್ಣ ಮೊತ್ತ. ಇನ್ನೊಂದು ಗೂಢಲಿಪಿ ಶಾಸ್ತ್ರದಿಂದ ಬಂದ ಹ್ಯಾಶ್, ಅಂದರೆ ಮಾಹಿತಿಯ ಬೆರಳಚ್ಚಿನಂತಹ ಗುರುತು. ಎರಡೂ ಮೇಲ್ನೋಟಕ್ಕೆ ಒಂದೇ ಕೆಲಸ ಮಾಡುತ್ತವೆ. ಆದರೆ ಯಾವುದನ್ನು ಎಲ್ಲಿ ಬಳಸಬೇಕೆಂಬುದನ್ನು ಅರಿಯದಿದ್ದರೆ, ತಪ್ಪಾಗಿರುವ ಲೆಕ್ಕವೂ ಸರಿಯೆಂದು ತೋರುವ ಅಪಾಯವಿದೆ.

ಎರಡನೆಯ ಪ್ರತಿ ಏಕೆ ಬೇಕು?

ಮೊದಲನೆಯದಾಗಿ, ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಪ್ರಕಾರ ವಾರ್ಷಿಕ ವಿವರಪಟ್ಟಿಯನ್ನು ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿಕೊಂಡು ಬರಬೇಕು. ಆರು ವರ್ಷಗಳಲ್ಲಿ ಗಣಕಯಂತ್ರ ಬದಲಾಗುತ್ತದೆ, ತಂತ್ರಾಂಶ ಬದಲಾಗುತ್ತದೆ, ಬರೆಯುವ ಗುಮಾಸ್ತರೂ ಬದಲಾಗುತ್ತಾರೆ. ಪ್ರತಿ ಸಲ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗಲೂ ಏನಾದರೂ ಬಿಟ್ಟುಹೋಗುವ ಸಂಭವವಿದೆ.

ಎರಡನೆಯದಾಗಿ, ಇವೆರಡೂ ನದಿದಂಡೆಯ ಊರುಗಳು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಹರಿದಾಗ ನಂಜನಗೂಡು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ಸ್ಥಗಿತಗೊಂಡಿತ್ತು. ಮಳಿಗೆಯ ಗಣಕಯಂತ್ರವೊಂದರಲ್ಲೇ ಇಡೀ ವ್ಯವಹಾರದ ಲೆಕ್ಕವನ್ನು ಇಟ್ಟುಕೊಂಡಿರುವವರು ಇಂತಹ ದಿನಗಳನ್ನು ಮರೆಯುವಂತಿಲ್ಲ. ಎರಡನೆಯ ಪ್ರತಿ ಬೇರೊಂದು ಊರಿನಲ್ಲಿರುವುದು ವಿವೇಕ. ಆದರೆ ಆ ಪ್ರತಿ ಮೂಲದಂತೆಯೇ ಇದೆಯೆಂದು ಖಚಿತವಾಗಿರದಿದ್ದರೆ, ಅದು ಇದ್ದೂ ಇಲ್ಲದಂತೆಯೇ ಸರಿ.

ಬರಿಯ ಮೊತ್ತವನ್ನು ನಂಬಿದರೆ

ಟಿ. ನರಸೀಪುರದಲ್ಲಿ ಅಕ್ಕಿ ಗಿರಣಿ, ನಂಜನಗೂಡಿನಲ್ಲಿ ಮಾರಾಟ ಮಳಿಗೆ ಇರುವ ಒಂದು ಪಾಲುದಾರಿಕೆ ಸಂಸ್ಥೆಯನ್ನು ಉದಾಹರಣೆಗೆಂದು ಊಹಿಸಿಕೊಳ್ಳಬಹುದು. ಗಿರಣಿಯ ದಾಖಲೆಯಲ್ಲಿ ಮೂರು ದಿನ ಕಳುಹಿಸಿದ ಮೂಟೆಗಳು ಕ್ರಮವಾಗಿ 248, 315 ಮತ್ತು 177, ಒಟ್ಟು 740. ಮಳಿಗೆಯ ದಾಖಲೆಯಲ್ಲಿ ಅವೇ ಮೂರು ದಿನಗಳ ಲೆಕ್ಕ 284, 279 ಮತ್ತು 177. ಒಟ್ಟು ಮತ್ತೆ 740. ಮೊತ್ತ ಮಾತ್ರ ನೋಡಿದವರು ಲೆಕ್ಕ ಸರಿಯಿದೆ ಎನ್ನುತ್ತಾರೆ. ವಾಸ್ತವವಾಗಿ ಎರಡು ಸಾಲುಗಳು ತಪ್ಪಾಗಿವೆ. ಮೊದಲನೆಯ ಸಾಲಿನಲ್ಲಿ ಅಂಕಿಗಳು ಅದಲುಬದಲಾಗಿ 36 ಮೂಟೆ ಹೆಚ್ಚಾಯಿತು. ಎರಡನೆಯದರಲ್ಲಿ ಅಷ್ಟೇ ಕಡಿಮೆಯಾಯಿತು. ಒಂದು ತಪ್ಪು ಇನ್ನೊಂದನ್ನು ಮುಚ್ಚಿತು. ಎರಡನೆಯ ತಪ್ಪು ಕೈತಪ್ಪಿನಿಂದ ಆದದ್ದೇ, ಮೊದಲನೆಯದನ್ನು ಮರೆಮಾಚಲು ಮಾಡಿದ್ದೇ ಎಂಬುದನ್ನು ಮೊತ್ತ ಹೇಳಲಾರದು.

ಈ ದೋಷವನ್ನು ನೀಗಲೆಂದೇ ಸ್ಥಾನಕ್ಕೂ ಬೆಲೆ ಕೊಡುವ ಚೆಕ್‌ಸಮ್‌ಗಳು ಬಂದವು. ಅವುಗಳಲ್ಲಿ ಹೆಸರುವಾಸಿಯಾದುದು ಸಿಆರ್‌ಸಿ. ಇದನ್ನು 1961ರಲ್ಲಿ ವೆಸ್ಲಿ ಪೀಟರ್ಸನ್ ಪ್ರಕಟಿಸಿದರು. ಇದರ 32 ಬಿಟ್ ರೂಪವಾದ ಸಿಆರ್‌ಸಿ-32 ಇಂದಿಗೂ ಜಿಪ್ ಕಡತಗಳಲ್ಲಿಯೂ ಗಣಕಜಾಲದ ತಂತಿಗಳಲ್ಲಿಯೂ ಕೆಲಸ ಮಾಡುತ್ತಿದೆ. ಎಷ್ಟೇ ಉದ್ದದ ಸಾಲನ್ನು ಕೊಟ್ಟರೂ ಅದು ಸುಮಾರು 429 ಕೋಟಿ ಸಂಖ್ಯೆಗಳಲ್ಲಿ ಒಂದನ್ನು ಗುರುತಾಗಿ ಕೊಡುತ್ತದೆ. ಮೇಲಿನ ಉದಾಹರಣೆಯ ಸಾಲುಗಳನ್ನು ಒಂದೊಂದಾಗಿ ಸಿಆರ್‌ಸಿ-32ಕ್ಕೆ ಒಪ್ಪಿಸಿದ್ದರೆ ವ್ಯತ್ಯಾಸ ಒಡನೆಯೇ ಹೊರಬೀಳುತ್ತಿತ್ತು.

ವರ್ತಕರಿಗೆ ಪರಿಚಿತವಾದ ಎರಡು ಗುರುತುಗಳು

ಈ ಎರಡು ಸಾಧನಗಳೂ ವರ್ತಕರಿಗೆ ಹೊಸವಲ್ಲ. ಪ್ರತಿದಿನ ಬಿಲ್ಲಿನ ಮೇಲೆ ಮುದ್ರಣವಾಗುತ್ತಲೇ ಇವೆ. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರಗಳಿವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕೊನೆಯದಾದ ಹದಿನೈದನೆಯ ಅಕ್ಷರವು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಪಡೆದ ತಾಳೆಯಕ್ಷರ. ಬಿಲ್ ಬರೆಯುವವರು ಒಂದು ಅಕ್ಷರವನ್ನು ತಪ್ಪಾಗಿ ಒತ್ತಿದರೆ ತಂತ್ರಾಂಶವು ಅಲ್ಲಿಯೇ ತಡೆಯುತ್ತದೆ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ವೆರ್ಹೋಫ್ ವಿಧಾನದ ಇಂತಹುದೇ ತಾಳೆಯಂಕಿ. ಇವು ಚೆಕ್‌ಸಮ್ ಜಾತಿಗೆ ಸೇರಿದವು. ಬೆರಳ ತಪ್ಪನ್ನು ಹಿಡಿಯುವುದು ಇವುಗಳ ಕೆಲಸ. ಸುಳ್ಳು ಸಂಖ್ಯೆ ಸೃಷ್ಟಿಸುವವರನ್ನು ಹಿಡಿಯುವುದಲ್ಲ. ಲೆಕ್ಕದ ಸೂತ್ರ ಬಲ್ಲ ಯಾರು ಬೇಕಾದರೂ ಸರಿಯಾದ ಕೊನೆಯಕ್ಷರವಿರುವ, ಆದರೆ ಅಸ್ತಿತ್ವದಲ್ಲೇ ಇಲ್ಲದ ನೋಂದಣಿ ಸಂಖ್ಯೆಯನ್ನು ಬರೆದುಬಿಡಬಹುದು. ಆದುದರಿಂದಲೇ ಹೊಸ ಗ್ರಾಹಕರ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿ ನೋಡುವುದು ಒಳಿತು.

ಎರಡನೆಯದು ಇ-ಇನ್‌ವಾಯ್ಸ್‌ನಲ್ಲಿರುವ ಐಆರ್‌ಎನ್. ಈ ವ್ಯವಸ್ಥೆ 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾಗಿ, ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಗೂ ಅನ್ವಯವಾಯಿತು. ಐಆರ್‌ಎನ್‌ನ 64 ಅಕ್ಷರಗಳು ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನದಿಂದ ಬರುತ್ತವೆ. ಮಾರುವವರ ನೋಂದಣಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಎಂಬ ನಾಲ್ಕನ್ನು ಸೇರಿಸಿ ಹ್ಯಾಶ್ ಮಾಡಿದರೆ ಈ ಗುರುತು ಸಿಗುತ್ತದೆ. ಒಂದೇ ವರ್ಷದಲ್ಲಿ ಒಂದೇ ಬಿಲ್ ಸಂಖ್ಯೆಯನ್ನು ಎರಡು ಸಲ ನೋಂದಾಯಿಸಲು ಹೋದರೆ ಅದೇ ಗುರುತು ಮತ್ತೆ ಹುಟ್ಟುವುದರಿಂದ ಎರಡನೆಯದು ತಿರಸ್ಕೃತವಾಗುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ನಾಲ್ಕರಲ್ಲಿ ಬಿಲ್ಲಿನ ಮೊಬಲಗು ಇಲ್ಲ. ಐಆರ್‌ಎನ್ ಒಂದೇ ಆಗಿದೆಯೆಂದ ಮಾತ್ರಕ್ಕೆ ಎರಡು ಪ್ರತಿಗಳ ಮೊಬಲಗೂ ಒಂದೇ ಎಂದು ತಿಳಿಯಲಾಗದು. ಮೊಬಲಗಿನ ರಕ್ಷಣೆಗೆ ಇರುವುದು ನೋಂದಣಿ ತಾಣವು ಹಾಕುವ ಡಿಜಿಟಲ್ ಸಹಿ ಮತ್ತು ಸಹಿಯುಳ್ಳ ಕ್ಯುಆರ್ ಸಂಕೇತ. ಹ್ಯಾಶ್ ಎಷ್ಟೇ ಬಲಿಷ್ಠವಾಗಿರಲಿ, ಅದರೊಳಗೆ ಹಾಕಿದ್ದಕ್ಕೆ ಮಾತ್ರ ಅದು ಸಾಕ್ಷಿ ಹೇಳುತ್ತದೆ. ತಮ್ಮ ಕೋಷ್ಟಕಗಳನ್ನು ತಾಳೆ ನೋಡುವವರು ಯಾವ ಯಾವ ಅಂಕಣಗಳನ್ನು ಸೇರಿಸಿದ್ದಾರೆಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಆಕಸ್ಮಿಕವೋ, ಉದ್ದೇಶಪೂರ್ವಕವೋ?

ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಒಂದೇ ಪ್ರಶ್ನೆ ನಿರ್ಧರಿಸುತ್ತದೆ: ಭಯವಿರುವುದು ಆಕಸ್ಮಿಕ ತಪ್ಪಿನದೋ, ಮನುಷ್ಯನ ಉದ್ದೇಶದ್ದೋ?

ವಿದ್ಯುತ್ ಹೋಗಿ ಅರ್ಧಕ್ಕೆ ನಿಂತ ವರ್ಗಾವಣೆ, ಹಳತಾದ ಡಿಸ್ಕ್, ಕಡಿದುಹೋದ ದೂರವಾಣಿ ಸಂಪರ್ಕ ಇವೆಲ್ಲ ಆಕಸ್ಮಿಕಗಳು. ಆಕಸ್ಮಿಕಕ್ಕೆ ಸಿಆರ್‌ಸಿ-32ನ್ನು ವಂಚಿಸುವ ಉದ್ದೇಶವಿರುವುದಿಲ್ಲ. ಬಿಲ್ ಸಂಖ್ಯೆಯನ್ನು ಹಿಡಿದು ಈ ಊರಿನ ಸಾಲಿಗೆ ಆ ಊರಿನ ಅದೇ ಸಾಲನ್ನು ಎದುರಿಟ್ಟು ನೋಡುವಾಗ, ಕೆಟ್ಟುಹೋದ ಸಾಲೊಂದು ಕಣ್ತಪ್ಪಿ ಹೋಗುವ ಸಂಭವ ಸ್ಥೂಲವಾಗಿ 429 ಕೋಟಿಯಲ್ಲಿ ಒಂದು. ದಿನವೂ ರಾತ್ರಿ ಕೋಟ್ಯಂತರ ಸಾಲುಗಳನ್ನು ಹೋಲಿಸುವ ದೊಡ್ಡ ವ್ಯವಸ್ಥೆಗಳು ವೇಗಕ್ಕಾಗಿ ಇದನ್ನೇ ಬಳಸುತ್ತವೆ. ಮೈಎಸ್‌ಕ್ಯುಎಲ್ ಪ್ರತಿಗಳನ್ನು ಹೋಲಿಸುವ ಪರ್ಕೋನಾ ಸಂಸ್ಥೆಯ ಪ್ರಸಿದ್ಧ ಉಪಕರಣವು ಸಾಲುಗಳ ಎಣಿಕೆಯನ್ನೂ ಸಿಆರ್‌ಸಿ-32 ಗುರುತನ್ನೂ ಜೊತೆಜೊತೆಗೇ ನೋಡುತ್ತದೆ. ಎಣಿಕೆ ಏಕೆಂದರೆ, ಸಾಲುಗಳ ಗುರುತುಗಳನ್ನು ಕೂಡಿಸುವ ಕೆಲವು ವಿಧಾನಗಳಲ್ಲಿ ಒಂದೇ ಬಗೆಯ ಎರಡು ಸಾಲುಗಳು ಪರಸ್ಪರ ಅಳಿಸಿಹೋಗುತ್ತವೆ. ಎಣಿಕೆಯನ್ನು ನೋಡದವರಿಗೆ ಆ ಜೋಡಿ ಕಾಣುವುದೇ ಇಲ್ಲ.

ಆದರೆ ಎಲ್ಲ ಸಾಲುಗಳನ್ನೂ ಒಂದಕ್ಕೊಂದು ಹೋಲಿಸಿ ನಕಲುಗಳನ್ನು ಹುಡುಕುವ ಕೆಲಸಕ್ಕೆ 32 ಬಿಟ್ ಸಾಲದು. 23 ಜನರಿರುವ ಕೋಣೆಯಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬುದು ಗಣಿತದಲ್ಲಿ ಪ್ರಸಿದ್ಧ. ಅದೇ ನಿಯಮದಂತೆ, ಸುಮಾರು 77 ಸಾವಿರ ಬೇರೆ ಬೇರೆ ಸಾಲುಗಳಿದ್ದರೆ ಅವುಗಳಲ್ಲಿ ಯಾವುವಾದರೂ ಎರಡಕ್ಕೆ ಒಂದೇ 32 ಬಿಟ್ ಗುರುತು ಬರುವ ಸಂಭವ ಅರ್ಧದಷ್ಟಾಗುತ್ತದೆ. ಗುರುತು ಒಂದೇ ಎಂದು ಒಂದನ್ನು ಅಳಿಸಿದರೆ ನಿಜವಾದ ಬಿಲ್ಲೊಂದು ಮಾಯವಾಗಬಹುದು.

ಮನುಷ್ಯನ ಉದ್ದೇಶದ ಮಾತು ಬೇರೆ. ಸಿಆರ್‌ಸಿ-32 ಇರುವ ಕಡತವನ್ನು ತಿದ್ದಿ, ನಾಲ್ಕು ಬೈಟುಗಳನ್ನು ಸರಿಹೊಂದಿಸಿ, ಹಳೆಯ ಗುರುತೇ ಮತ್ತೆ ಬರುವಂತೆ ಮಾಡುವುದು ಬಲ್ಲವರಿಗೆ ಕ್ಷಣದ ಕೆಲಸ. ದಾಸ್ತಾನಿನ ಲೆಕ್ಕವನ್ನು ತಿದ್ದುವುದರಿಂದ ಯಾರಿಗಾದರೂ ಲಾಭವಿದೆಯೆಂದಾದರೆ ಅಲ್ಲಿ ಚೆಕ್‌ಸಮ್ ಕಾವಲಲ್ಲ. ಗೂಢಲಿಪಿಯ ಹ್ಯಾಶ್ ಬೇಕು.

ಹ್ಯಾಶ್‌ಗಳಲ್ಲಿಯೂ ಏರುಪೇರುಂಟು. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಬಹುಕಾಲ ಎಲ್ಲೆಡೆ ಬಳಕೆಯಲ್ಲಿತ್ತು. 2004ರಲ್ಲಿ ಚೀನಾದ ಶಿಯಾವೊಯುನ್ ವಾಂಗ್ ಮತ್ತು ಸಂಗಡಿಗರು ಒಂದೇ ಎಂಡಿ5 ಗುರುತುಳ್ಳ ಎರಡು ಬೇರೆ ಮಾಹಿತಿಗಳನ್ನು ಸೃಷ್ಟಿಸಿ ತೋರಿಸಿದರು. ಎಸ್‌ಎಚ್‌ಎ-1ರ ಸರದಿ 2017ರಲ್ಲಿ ಬಂತು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಗುರುತಿನ ಎರಡು ಪಿಡಿಎಫ್ ಕಡತಗಳನ್ನು ಪ್ರಕಟಿಸಿದವು. ಎಸ್‌ಎಚ್‌ಎ-256 ಮಾತ್ರ ಇಂದಿಗೂ ಅಂತಹ ಸೋಲನ್ನು ಕಂಡಿಲ್ಲ. ಆಕಸ್ಮಿಕ ತಪ್ಪನ್ನು ಹಿಡಿಯಲು ಎಂಡಿ5 ಈಗಲೂ ಸಾಕು. ಕಳ್ಳಗೈಯನ್ನು ತಡೆಯಲು ಸಾಲದು.

ಡೇಟಾಬೇಸ್ ತಯಾರಕರೂ ಈ ಎಚ್ಚರಿಕೆಯನ್ನು ಮರೆಮಾಚಿಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಚೆಕ್‌ಸಮ್ ಎಂಬ ಹೆಸರಿನದೇ ಸೌಲಭ್ಯವಿದೆ. ಆಗೊಮ್ಮೆ ಈಗೊಮ್ಮೆ ಒಂದು ಬದಲಾವಣೆ ತಪ್ಪಿಹೋದರೂ ಪರವಾಗಿಲ್ಲ ಎನ್ನುವವರಲ್ಲದೆ ಉಳಿದವರು ಅದನ್ನು ಬಳಸದೆ ಹ್ಯಾಶ್‌ಬೈಟ್ಸ್ ಸೌಲಭ್ಯವನ್ನು ಬಳಸಬೇಕೆಂಬುದು ಆ ಸಂಸ್ಥೆಯ ಕೈಪಿಡಿಯದೇ ಸಲಹೆ. ಮೈಎಸ್‌ಕ್ಯುಎಲ್, ಒರಾಕಲ್, ಪೋಸ್ಟ್‌ಗ್ರೆಸ್ ಈ ಮೂರರಲ್ಲಿಯೂ ಎಸ್‌ಎಚ್‌ಎ-256 ಇದೆ. ಒಂದೆರಡು ಲಕ್ಷ ಸಾಲುಗಳಿಗೆ ಇಂದಿನ ಸಾಮಾನ್ಯ ಗಣಕಯಂತ್ರದಲ್ಲಿ ಅದು ಕೆಲವೇ ಸೆಕೆಂಡುಗಳ ಕೆಲಸ. ಸಣ್ಣ ಉದ್ಯಮಿಗೆ ವೇಗದ ಉಳಿತಾಯ ನಗಣ್ಯ. ಆದುದರಿಂದ ಸಂಶಯವಿದ್ದಲ್ಲಿ ಎಸ್‌ಎಚ್‌ಎ-256ನ್ನೇ ಆರಿಸಿಕೊಳ್ಳುವುದು ಲೇಸು.

ಸರಿಯಿದ್ದರೂ ತಪ್ಪೆಂದು ತೋರುವ ಲೆಕ್ಕ

ಹ್ಯಾಶ್‌ಗೆ ಅರ್ಥ ತಿಳಿಯದು, ಅಕ್ಷರ ಮಾತ್ರ ತಿಳಿಯುತ್ತದೆ. ಒಂದು ಊರಿನಲ್ಲಿ ದರವನ್ನು 12.5 ಎಂದೂ ಇನ್ನೊಂದರಲ್ಲಿ 12.50 ಎಂದೂ ಬರೆದಿದ್ದರೆ ವರ್ತಕರಿಗೆ ಎರಡೂ ಒಂದೇ. ಹ್ಯಾಶ್‌ಗೆ ಬೇರೆ ಬೇರೆ. ದಿನಾಂಕ ಬರೆಯುವ ಕ್ರಮ, ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗ, ಏನೂ ಬರೆಯದ ಮನೆ ಮತ್ತು ಸೊನ್ನೆ ಬರೆದ ಮನೆ ಇವೆಲ್ಲವೂ ಗುರುತನ್ನು ಬದಲಿಸುತ್ತವೆ.

ಕನ್ನಡದಲ್ಲಿ ಲೆಕ್ಕ ಇಡುವವರಿಗೆ ಇನ್ನೊಂದು ತೊಡಕಿದೆ. ಕೊಳ್ಳೇಗಾಲ ಎಂಬ ಊರಿನ ಹೆಸರಿನ ಮೊದಲ ಅಕ್ಷರಕ್ಕೆ ಹತ್ತಿದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಗುರುತು ಮಾತ್ರ ಬೇರೆಯಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಉಳಿದಿರುವ ಗ್ರಾಹಕರ ಪಟ್ಟಿಯನ್ನು ಯೂನಿಕೋಡ್ ಪಟ್ಟಿಯೊಡನೆ ಹಾಗೆಯೇ ಹೋಲಿಸಲು ಬರುವುದೇ ಇಲ್ಲ. ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ಇದರ ವಿರುದ್ಧದ ಅಪಾಯವೂ ಉಂಟು: ತಪ್ಪಿದ್ದರೂ ಸರಿಯೆಂದು ತೋರುವುದು. ಬಿಲ್ ಸಂಖ್ಯೆ 12, ಮೂಟೆ 345 ಎಂಬ ಸಾಲನ್ನೂ ಬಿಲ್ ಸಂಖ್ಯೆ 123, ಮೂಟೆ 45 ಎಂಬ ಸಾಲನ್ನೂ ನಡುವೆ ಗೆರೆಯಿಲ್ಲದೆ ಜೋಡಿಸಿದರೆ ಎರಡೂ 12345 ಆಗುತ್ತವೆ. ಹೀಗೆ ಜೋಡಿಸಿದ ಮೇಲೆ ಎಸ್‌ಎಚ್‌ಎ-256 ಕೂಡ ಏನೂ ಮಾಡಲಾರದು. ಅಂಕಣಗಳ ನಡುವೆ, ಮಾಹಿತಿಯಲ್ಲಿ ಎಲ್ಲಿಯೂ ಬಾರದ ಒಂದು ಚಿಹ್ನೆಯನ್ನು ಇಡುವುದು ಅಗತ್ಯ. ಇಡೀ ಕೋಷ್ಟಕಕ್ಕೆ ಒಂದೇ ಗುರುತು ಪಡೆಯುವುದಾದರೆ ಸಾಲುಗಳನ್ನು ಎರಡೂ ಕಡೆ ಒಂದೇ ಕ್ರಮದಲ್ಲಿ, ಉದಾಹರಣೆಗೆ ಬಿಲ್ ಸಂಖ್ಯೆಯ ಏರಿಕೆಯಲ್ಲಿ, ಜೋಡಿಸಿರಬೇಕು.

ಗುರುತನ್ನು ಯಾರ ವಶದಲ್ಲಿಡಬೇಕು?

ಕದ ಮುಚ್ಚಿ ಬೀಗದ ಕೈಯನ್ನು ಕದದಲ್ಲೇ ಬಿಟ್ಟುಹೋದಂತೆ, ಹ್ಯಾಶ್ ಗುರುತನ್ನೂ ಲೆಕ್ಕವಿರುವ ಗಣಕಯಂತ್ರದಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಲೆಕ್ಕವನ್ನು ತಿದ್ದಬಲ್ಲವರು ಹೊಸ ಹ್ಯಾಶನ್ನೂ ಲೆಕ್ಕ ಹಾಕಿ ಹಳೆಯದರ ಜಾಗದಲ್ಲಿ ಇಡಬಲ್ಲರು. ಎಸ್‌ಎಚ್‌ಎ-256ರ ಸೂತ್ರ ಗುಟ್ಟಲ್ಲ, ಎಲ್ಲರಿಗೂ ಲಭ್ಯ. ಆದುದರಿಂದ ತಿಂಗಳ ಕೊನೆಯ ಗುರುತನ್ನು ಬೇರೊಬ್ಬರ ವಶದಲ್ಲಿ ಇಡಬೇಕು. 64 ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸಿ, ಪಾಲುದಾರರಿಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಲೆಕ್ಕಪರಿಶೋಧಕರಿಗೆ ಕಳುಹಿಸುವುದು ಖರ್ಚಿಲ್ಲದ ಉಪಾಯ. ತಾಂತ್ರಿಕ ನೆರವು ಇರುವವರು ಎಚ್‌ಎಂಎಸಿ ಎಂಬ, ರಹಸ್ಯ ಕೀಲಿ ಬೆರೆಸಿದ ಹ್ಯಾಶನ್ನು ಬಳಸಬಹುದು. ಕೀಲಿ ಇಲ್ಲದವರಿಗೆ ಹೊಸ ಗುರುತು ಸೃಷ್ಟಿಸಲಾಗದು.

ಕಾನೂನಿನಲ್ಲಿ ಹ್ಯಾಶ್

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೆಯ ಪ್ರಕರಣವು ಡಿಜಿಟಲ್ ಸಹಿಯ ಅಂಗವಾಗಿ ಹ್ಯಾಶ್ ಕ್ರಿಯೆಯನ್ನು ಹೆಸರಿಸಿ ವಿವರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ 63ನೆಯ ಪ್ರಕರಣದಡಿ ನೀಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಆ ದಾಖಲೆಯ ಹ್ಯಾಶ್ ಗುರುತನ್ನೂ ಅದನ್ನು ಪಡೆದ ವಿಧಾನವನ್ನೂ ಬರೆಯಬೇಕು. ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂಬ ಹೆಸರುಗಳಿವೆ, ಸಿಆರ್‌ಸಿಯ ಹೆಸರಿಲ್ಲ. ಬಾಕಿ ವಸೂಲಿಯ ದಾವೆಯಲ್ಲಿ ಖಾತೆಯ ನಕಲನ್ನು ಹಾಜರುಪಡಿಸಬೇಕಾಗಿ ಬಂದರೆ, ತಿಂಗಳು ತಿಂಗಳೂ ಗುರುತನ್ನು ದಾಖಲಿಸಿಟ್ಟುಕೊಂಡ ವರ್ತಕರ ಮಾತಿಗೆ ಬಲವಿರುತ್ತದೆ. ಕಂಪನಿಯಾಗಿ ನೋಂದಣಿಯಾದ ಉದ್ಯಮಗಳಂತೂ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಅನುಸರಿಸಬಹುದಾದ ಕ್ರಮ

ಮೊದಲು ಎರಡೂ ಊರುಗಳ ಕೋಷ್ಟಕಗಳಲ್ಲಿ ಸಾಲುಗಳ ಎಣಿಕೆಯನ್ನೂ ಮೂಟೆ ಮತ್ತು ಮೊಬಲಗುಗಳ ಮೊತ್ತವನ್ನೂ ನೋಡಬೇಕು. ಅಲ್ಲಿಯೇ ವ್ಯತ್ಯಾಸ ಕಂಡರೆ ಮುಂದಿನ ಲೆಕ್ಕ ಬೇಕಾಗುವುದಿಲ್ಲ. ಅವು ಸರಿಯಿದ್ದರೆ ತಿಂಗಳಿಗೊಂದು ಹ್ಯಾಶ್ ಪಡೆದು ಹೋಲಿಸಬೇಕು. ತಾಳೆಯಾಗದ ತಿಂಗಳನ್ನು ವಾರಗಳಾಗಿ, ವಾರವನ್ನು ದಿನಗಳಾಗಿ ಒಡೆಯುತ್ತ ಹೋದರೆ ತಪ್ಪಿನ ಸಾಲು ತಾನೇ ಸಿಕ್ಕುತ್ತದೆ. ಒಂದು ಲಕ್ಷ ಸಾಲುಗಳನ್ನು ಅರ್ಧ ಅರ್ಧವಾಗಿ ಒಡೆಯುತ್ತ ಹೋದರೂ ಹದಿನೇಳು ಹೆಜ್ಜೆಗಳಲ್ಲಿ ಒಂದು ಸಾಲಿಗೆ ಬಂದು ನಿಲ್ಲಬಹುದು. ಇಡೀ ಕೋಷ್ಟಕವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕಳುಹಿಸುವ ಅಗತ್ಯವೇ ಇಲ್ಲ.

ಡೇಟಾಬೇಸ್ ಬಲ್ಲವರು ಕೈಗೆ ಸಿಗದ ಸಣ್ಣ ಸಂಸ್ಥೆಗಳು ತಮ್ಮ ಲೆಕ್ಕದ ತಂತ್ರಾಂಶದಿಂದ ತಿಂಗಳ ವಹಿವಾಟನ್ನು ಸಿಎಸ್‌ವಿ ಕಡತವಾಗಿ ಹೊರತೆಗೆಯಬಹುದು. ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಸರ್ಟ್‌ಯುಟಿಲ್ ಎಂಬ ಆದೇಶವು ಆ ಕಡತದ ಎಸ್‌ಎಚ್‌ಎ-256 ಗುರುತನ್ನು ಪುಕ್ಕಟೆಯಾಗಿ ಕೊಡುತ್ತದೆ. ಎಕ್ಸೆಲ್ ಕಡತವನ್ನು ಈ ಕೆಲಸಕ್ಕೆ ಬಳಸಬಾರದು. ಉಳಿಸಿದ ವೇಳೆಯೂ ಅದರೊಳಗೆ ಸೇರುವುದರಿಂದ ಲೆಕ್ಕ ಬದಲಾಗದಿದ್ದರೂ ಗುರುತು ಬದಲಾಗಬಹುದು.

ಕಡೆಯದಾಗಿ ಒಂದು ಮಾತನ್ನು ವರ್ತಕ ಬಾಂಧವರು ಮರೆಯಬಾರದು. ಎರಡು ಗುರುತುಗಳು ತಾಳೆಯಾದರೆ ಎರಡು ದಾಖಲೆಗಳು ಒಂದೇ ಎಂದು ತಿಳಿಯುತ್ತದೆಯೇ ಹೊರತು, ದಾಖಲೆ ಸತ್ಯವೆಂದು ತಿಳಿಯುವುದಿಲ್ಲ. ಮೊದಲನೆಯ ದಿನವೇ ತಪ್ಪಾಗಿ ಬರೆದದ್ದು ಎರಡೂ ಊರುಗಳಲ್ಲಿ ಒಂದೇ ತಪ್ಪಾಗಿ ಉಳಿಯುತ್ತದೆ, ಹ್ಯಾಶ್ ಅದಕ್ಕೂ ನಿಷ್ಠೆಯಿಂದ ಗುರುತು ಕೊಡುತ್ತದೆ. ದಾಖಲೆಯಲ್ಲಿರುವ ಮೂಟೆಗಳು ಗೋದಾಮಿನಲ್ಲಿಯೂ ಇವೆಯೆ ಎಂಬುದನ್ನು ಯಾವ ಸೂತ್ರವೂ ಹೇಳಲಾರದು. ಅದಕ್ಕೆ ಬಾಗಿಲು ತೆರೆದು, ಮೂಟೆಗಳನ್ನು ಎಣಿಸಲೇಬೇಕು.